ಸೈಕಲ್ಲಿನ ಜಾತಕ ನೋಡುವವರು

ಸೈಕಲ್ ತುಳಿಯುವವರು ಬೇರೆ, ಸೈಕಲ್ ನೋಡುವವರು ಬೇರೆ. ತುಳಿಯುವವರಿಗೆ ಚಕ್ರದಲ್ಲಿ ಗಾಳಿ ಇದ್ದು ಬ್ರೇಕು ಹಿಡಿದರೆ ಸಾಕು. ನೋಡುವವರು ಅಷ್ಟಕ್ಕೆ ಬಿಡುವ ಪೈಕಿಯಲ್ಲ. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡುತ್ತಾರೆ. ಮತ್ತೆ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಪೆಡಲಿನ ಬುಡಕ್ಕೆ ಕಣ್ಣಿಡುತ್ತಾರೆ. ಸೀಟಿನಿಂದ ಇಳಿದ ಕೊಳವೆ, ಹ್ಯಾಂಡಲ್ ಕಡೆಯಿಂದ ಓರೆಯಾಗಿ ಬಂದ ಕೊಳವೆ, ಹಿಂದಿನ ಚಕ್ರಕ್ಕೆ ಹೊರಟ ಜೋಡಿ, ಇವೆಲ್ಲ ಕೂಡುವ ಜಾಗ ಅದು. ಬೆರಳಿನಿಂದ ಎಣ್ಣೆಜಿಡ್ಡು ಒರೆಸಿ, ಹಿತ್ತಾಳೆ ಬೆಸುಗೆಯ ಅಂಚು ಸವರಿ, ಕೊನೆಗೆ "ಹ್ಞೂಂ" ಎನ್ನುತ್ತಾರೆ. ಅದು ಮೆಚ್ಚುಗೆಯ ಹ್ಞೂಂ ಹೌದೋ ಅಲ್ಲವೋ ತಿಳಿಯಬೇಕಾದರೆ ಬಹಳ ದಿನದ ಸಹವಾಸ ಬೇಕು.

ನೌಕರಿ ನನ್ನನ್ನು ಅಹಮದಾಬಾದಿಗೆ ಎತ್ತಿ ಹಾಕಿದ್ದರಿಂದ ಆ ಸಹವಾಸ ನನಗೆ ಒದಗಿತು. ಸಾಬರಮತಿಯ ದಡದಲ್ಲಿ, 1892ರ ಎಲಿಸ್ ಸೇತುವೆಯ ಹತ್ತಿರ, ಭಾನುವಾರಕ್ಕೊಮ್ಮೆ ಸೇರುವ ಸಂತೆಗೆ ರವಿವಾರಿ ಎಂದೂ ಗುಜರಿ ಬಜಾರ್ ಎಂದೂ ಹೆಸರು. ಊರು ಕಟ್ಟಿದ ಸುಲ್ತಾನ್ ಅಹ್ಮದ್ ಶಾನ ಕಾಲದಿಂದ ನಡೆದು ಬಂದದ್ದು ಎನ್ನುತ್ತಾರೆ. ಮಂಚ, ಮೇಕೆ, ಹಳೆಯ ಪುಸ್ತಕ, ಹಿಡಿಯಿಲ್ಲದ ಸುತ್ತಿಗೆ, ಸುತ್ತಿಗೆಯಿಲ್ಲದ ಹಿಡಿ, ಎಲ್ಲವೂ ಅಲ್ಲಿ ಸಿಗುತ್ತವೆ. ಒಂದು ಮೂಲೆಯಲ್ಲಿ ಹಳೆಯ ಸೈಕಲ್ಲುಗಳು ಒಂದರ ಹೆಗಲ ಮೇಲೊಂದು ಒರಗಿ ನಿಂತಿರುತ್ತವೆ. ನನ್ನ ಮೂವರು ಗೆಳೆಯರ ದೇವಸ್ಥಾನ ಅದೇ. ಒಬ್ಬರು ಬಟ್ಟೆ ಗಿರಣಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಕಾಕಾ. ಇನ್ನೊಬ್ಬರು ವಡೋದರಾದ ಚಿತ್ರಕಾರರು, 1950ರಲ್ಲಿ ಶುರುವಾದ ಅಲ್ಲಿನ ಲಲಿತಕಲಾ ವಿಭಾಗದಲ್ಲಿ ಕಲಿತವರು. ಮೂರನೆಯವನು ಪಾಲ್ಡಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದಿದ ಹುಡುಗ. ಒಂದು ಸೈಕಲ್ಲಿನ ಮುಂದೆ ಈ ಮೂವರನ್ನು ನಿಲ್ಲಿಸಿದರೆ ಮೂರು ಸೈಕಲ್ಲು ಕಾಣುತ್ತವೆ. ಕಾಕಾಗೆ ಭಾರ ಕಾಣುತ್ತದೆ, ಚಿತ್ರಕಾರರಿಗೆ ಗೆರೆ, ಹುಡುಗನಿಗೆ ತಪ್ಪು.

ಹುಡುಗನಿಗೊಂದು ಹಳೆಯ ಕೊರಗಿದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಬರೆದ ವರದಿಯಿಂದಲೇ ಅವನ ಸಂಸ್ಥೆ ಹುಟ್ಟಿದ್ದು. ಆ ವರದಿಯಲ್ಲಿ ನಮ್ಮ ಚೊಂಬಿನ ಅಂದಚಂದವನ್ನು ಬಾಯ್ತುಂಬ ಹೊಗಳಿದ್ದಾರೆ. "ಚೊಂಬನ್ನು ಕಂಡವರಿಗೆ ಅದನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುವ ಹಾಲಿನವನ ಸೈಕಲ್ಲು ಕಾಣಲಿಲ್ಲವೇ?" ಎಂಬುದು ಅವನ ಪ್ರಶ್ನೆ. ನನಗೂ ಹೌದೆನಿಸಿದೆ.

ನಾವು ದಿನಾ ನೋಡುವ ಚೌಕಟ್ಟಿನ ವಂಶಾವಳಿ ಉದ್ದವೇನಲ್ಲ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾದ ರೋವರ್ ಸೈಕಲ್ಲನ್ನು ತಂದ. ಮುಂದಿನ ಕೆಲವೇ ವರ್ಷಗಳಲ್ಲಿ ಕೊಳವೆಗಳು ಎರಡು ತ್ರಿಕೋನಗಳಾಗಿ ಕೂಡಿ ಡೈಮಂಡ್ ಫ್ರೇಮ್ ಆಯಿತು. ತ್ರಿಕೋನವನ್ನು ಎಳೆದರೂ ಒತ್ತಿದರೂ ಅದರ ಮೂಲೆ ಕದಲುವುದಿಲ್ಲ, ಆದ್ದರಿಂದಲೇ ತೆಳು ಕೊಳವೆಯಲ್ಲಿ ಅಷ್ಟು ಬಲ. ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಸೋಲಿಸಲು ಹೊರಟವರೆಲ್ಲ ಸುಸ್ತಾಗಿ ಮನೆಗೆ ಹೋಗಿದ್ದಾರೆ. ಹಾಗೆ ಸುಸ್ತಾದವರ ಕಥೆ ಹೇಳುವುದೆಂದರೆ ನನ್ನ ಗೆಳೆಯರಿಗೆ ಪರಮ ಸಂತೋಷ.

ಚಿತ್ರಕಾರರ ಆರಾಧ್ಯ ದೈವ ಮಿಕೇಲ್ ಪೆಡರ್ಸನ್. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿಗೆ ಬಂದು ನೆಲೆಸಿದ ಈ ಡೇನಿಷ್ ಮನುಷ್ಯನಿಗೆ ಸೈಕಲ್ ಸೀಟು ಒತ್ತುತ್ತಿತ್ತು. ನಮಗೂ ಒತ್ತುತ್ತದೆ, ನಾವು ಒಂದು ಟವೆಲ್ ಮಡಿಸಿ ಹಾಕಿಕೊಳ್ಳುತ್ತೇವೆ. ಅವನು ಮೊದಲು ದಾರದಿಂದ ಜೋಲಿಯಂಥ ಸೀಟು ಹೆಣೆದ, ಆಮೇಲೆ ಜೋಲಿ ಕಟ್ಟಲು ತಕ್ಕ ಸೈಕಲ್ಲನ್ನು ಅದರ ಸುತ್ತ ಕಟ್ಟಿದ. ಕಡ್ಡಿಯಂಥ ಕೊಳವೆಗಳ ತ್ರಿಕೋನದ ಮೇಲೆ ತ್ರಿಕೋನ. ಕಾಕಾ ಚಿತ್ರ ನೋಡಿ, "ಇಷ್ಟು ಜಾಯಿಂಟಿಗೆ ಬೆಸುಗೆ ಹಾಕುವವನ ಕೂಲಿ ಯಾರಪ್ಪ ಕೊಡುತ್ತಾನೆ?" ಎಂದರು. ಗುಜರಾತಿನಲ್ಲಿ ಕಲಾವಿಮರ್ಶೆ ಕೊನೆಗೆ ಲೆಕ್ಕದ ಪುಸ್ತಕಕ್ಕೇ ಬಂದು ನಿಲ್ಲುತ್ತದೆ.

ಹುಡುಗನ ಪಟ್ಟಿಯಲ್ಲಿ ನಿಷೇಧಿತರೇ ಹೆಚ್ಚು. 1933ರಲ್ಲಿ ಫ್ರಾನ್ಸಿನ ಶಾರ್ಲ್ ಮೋಶೆ ಮಾಡಿದ, ಮಲಗಿಕೊಂಡು ತುಳಿಯುವ ಸೈಕಲ್ಲಿನಲ್ಲಿ ಫೋರ್ ಎಂಬಾತ ಗಂಟೆಗೆ 45.055 ಕಿಲೋಮೀಟರ್ ಹೋಗಿ ಹಳೆಯ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಒಕ್ಕೂಟ ಅಂಥ ಸೈಕಲ್ಲನ್ನು ದಾಖಲೆಯ ಸ್ಪರ್ಧೆಯಿಂದ ಹೊರಗಿಟ್ಟಿತು. ಮಲಗಿ ಗೆಲ್ಲುವುದನ್ನು ದೊಡ್ಡವರು ಸಹಿಸಲಿಲ್ಲ. 1993ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾನೇ ಕಟ್ಟಿದ ಸೈಕಲ್ಲಿನಲ್ಲಿ ಗಂಟೆಯಲ್ಲಿ 51.596 ಕಿಲೋಮೀಟರ್ ಓಡಿಸಿದ. ಮೇಲಿನ ಬಾರೇ ಇಲ್ಲ, ಬಟ್ಟೆ ಒಗೆಯುವ ಯಂತ್ರದಿಂದ ಬಿಚ್ಚಿದ ಬೇರಿಂಗು, ಎದೆಯ ಕೆಳಗೆ ಮಡಿಸಿಟ್ಟ ಕೈಗಳು. ಮುಂದಿನ ವರ್ಷ ಅವನು ಕೂರುವ ಭಂಗಿಗೂ ನಿಷೇಧ ಬಿತ್ತು. ಹಳೆಯ ವಾಷಿಂಗ್ ಮಷೀನಿನ ಸುದ್ದಿ ಕೇಳಿದ್ದೇ ಕಾಕಾ ಎದ್ದು ಕೂತರು. "ಇವನು ನಮ್ಮವನು!"

ಅಂಥ ನಮ್ಮವರನ್ನು ಹುಡುಕುವ ಕೆಲಸಕ್ಕೆ ಅಹಮದಾಬಾದಿನಲ್ಲೇ ಜನರಿದ್ದಾರೆ. ಐಐಎಂ ಪ್ರಾಧ್ಯಾಪಕರಾಗಿದ್ದ ಅನಿಲ್ ಗುಪ್ತ ಕಟ್ಟಿದ ಹನಿ ಬೀ ಬಳಗ ಹಳ್ಳಿ ಹಳ್ಳಿ ನಡೆದು, ಶಾಲೆ ಕಲಿಯದವರು ಮಾಡಿದ ಯಂತ್ರಗಳನ್ನು ಕಲೆಹಾಕಿತು. 2000ದಲ್ಲಿ ಶುರುವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಈಗ ಗಾಂಧಿನಗರದ ಬಳಿ ಇದೆ. ಅದು ಗೌರವಿಸಿದವರಲ್ಲಿ ಬಿಹಾರದ ಮೊಹಮ್ಮದ್ ಸೈದುಲ್ಲಾ ಒಬ್ಬರು. 1975ರ ಪ್ರವಾಹದಲ್ಲಿ ದೋಣಿಗೆ ಕಾದು ಬೇಸತ್ತು, ಸೈಕಲ್ಲಿಗೆ ಗಾಳಿ ತುಂಬಿದ ಡಬ್ಬಗಳನ್ನು ಕಟ್ಟಿ, ಹಿಂದಿನ ಚಕ್ರದ ಕಡ್ಡಿಗಳಿಗೆ ರೆಕ್ಕೆ ಹಾಕಿ ನೀರಿನ ಮೇಲೆ ತುಳಿದವರು. 2009ರಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದ ಟೆಡ್ ಸಮಾವೇಶದಲ್ಲಿ ಗುಪ್ತರು ಈ ಕಥೆ ಹೇಳಿದ್ದರು. ಅಷ್ಟೊಂದು ಅವಸರ ಪ್ರೇಯಸಿಯನ್ನು ನೋಡುವುದಕ್ಕಂತೆ. ಪೆಡರ್ಸನ್ನಿಗೆ ಸೀಟು ಒತ್ತಿತು, ಸೈದುಲ್ಲಾರಿಗೆ ಪ್ರೇಮ.

ಜಗಳ ಹತ್ತುವುದು ಅಸ್ಸಾಮಿನ ಕನಕ್ ದಾಸ್ ಅವರ ಸೈಕಲ್ಲಿನ ಮಾತಿಗೆ. ರಸ್ತೆಯ ಹಳ್ಳದಿಣ್ಣೆಗೆ ಕುಪ್ಪಳಿಸಿದಾಗ ಸ್ಪ್ರಿಂಗು ಅದುಮಿ, ಆ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ದಾಟಿಸುವ ಉಪಾಯ ಅದು. "ಶಕ್ತಿ ತುಳಿಯುವವನದೇ, ದಿಣ್ಣೆ ಪುಕ್ಕಟೆ ಏನೂ ಕೊಡುವುದಿಲ್ಲ" ಎಂದು ಕಾಕಾ. "ಪೋಲಾಗುವುದರಲ್ಲಿ ಒಂದಿಷ್ಟು ಉಳಿಸಿದರೆ ತಪ್ಪೇ?" ಎಂದು ಹುಡುಗ. ಉಳಿತಾಯ ಎಂದ ಮೇಲೆ ಕಾಕಾ ಸೋಲಲೇಬೇಕು. "ಚಾಲ್ಶೆ" ಎಂದು ತಲೆಯಾಡಿಸಿದರು. ನಡೆದೀತು ಎಂಬುದಕ್ಕಿಂತ ದೊಡ್ಡ ಪ್ರಶಸ್ತಿ ಅವರಲ್ಲಿಲ್ಲ.

ಆದರೆ ನನ್ನದೊಂದು ತಕರಾರಿದೆ. ಸಾವಿರಾರು ಮೈಲಿ ದೂರದ ವಿಚಿತ್ರ ಸೈಕಲ್ಲಿಗೆ ಮಂಗಳಾರತಿ ಎತ್ತುವ ಇವರಿಗೆ ಕಾಲಬುಡದಲ್ಲಿರುವ ವಿಚಿತ್ರ ಕಾಣುವುದಿಲ್ಲ. ಗ್ಯಾಸ್ ಸಿಲಿಂಡರ್ ಸಾಗಿಸುವವನ ಸೈಕಲ್ಲನ್ನೇ ನೋಡಿ. ಅನಿಲವೇ 14.2 ಕೆಜಿ, ಕಬ್ಬಿಣವೂ ಸೇರಿದರೆ ಒಂದೊಂದೂ ಮೂವತ್ತರ ಸುಮಾರು. ಕ್ಯಾರಿಯರಿನ ಎರಡೂ ಪಕ್ಕ ಕೊಕ್ಕೆಗೆ ಸಿಲಿಂಡರ್ ನೇತುಹಾಕಿ ಅವನು ಹೊರಟರೆ ಯಾವ ಒಕ್ಕೂಟವೂ ದಾಖಲೆ ಬರೆದುಕೊಳ್ಳುವುದಿಲ್ಲ. ಮುಂದಿನ ಫೋರ್ಕಿಗೆ ಊರುಗೋಲಿನಂತೆ ಇನ್ನೆರಡು ಸರಳು, ಮೇಲೆ ಡಬಲ್ ಬಾರ್. ಆ ಎರಡನೆಯ ಬಾರಿನಿಂದ ಸೈಕಲ್ಲಿಗಿಂತ ಕೊಳ್ಳುವವನ ಧೈರ್ಯಕ್ಕೇ ಹೆಚ್ಚು ಬಲ ಎಂಬುದು ಕಾಕಾರ ಅಭಿಪ್ರಾಯ. ನಮ್ಮೂರಿನಲ್ಲಿ ಒಳಪೆಡಲ್ ಹೊಡೆದು ಕಲಿತವರನ್ನು ಕೇಳಿದರೆ, ಕಾಲು ತೂರಿಸುವ ಜಾಗ ಕಡಿಮೆಯಾಯಿತೆಂದು ಶಾಪ ಹಾಕಿಯಾರು.

ಸೂರತ್ತಿನಲ್ಲಿ ಸೈಕಲ್ ನೋಡಲು ಹೋಗಿ ನಿರಾಶೆಯಾಯಿತು. ಅಲ್ಲಿನ ಎರಡು ಸರಕುಗಳಲ್ಲಿ ಬಟ್ಟೆಗೆ ಕ್ಯಾರಿಯರ್ ಸಾಲದು, ವಜ್ರಕ್ಕೆ ಕ್ಯಾರಿಯರೇ ಬೇಡ. ಮಹಿಧರಪುರದ ಬೀದಿಯಲ್ಲಿ ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿ ಕಲ್ಲು ನೋಡುತ್ತಾರೆ. ಡೈಮಂಡ್ ಫ್ರೇಮನ್ನು ತಿರುಗಿ ನೋಡುವ ಪುರಸೊತ್ತು ಅಲ್ಲಿ ಯಾರಿಗಿದೆ? ವಡೋದರಾ ಇನ್ನೂ ದೊಡ್ಡವರ ಊರು. 2023ರಲ್ಲಿ ಲಕ್ಷ್ಮೀವಿಲಾಸ ಅರಮನೆಯ ಅಂಗಳದಲ್ಲಿ ಹಳೆಯ ಕಾರುಗಳ ಸೌಂದರ್ಯ ಸ್ಪರ್ಧೆ ನಡೆಯಿತು. ಹಳೆಯ ಕಾರಿಗೆ ಅರಮನೆ, ಹಳೆಯ ಸೈಕಲ್ಲಿಗೆ ಗುಜರಿ.

ನನ್ನ ಮತ ಅಹಮದಾಬಾದಿನ ಪೋಲ್‌ಗಳಲ್ಲಿ, ಅಂದರೆ ಕೋಟೆಯೊಳಗಿನ ಇಕ್ಕಟ್ಟಾದ ಕೇರಿಗಳಲ್ಲಿ, ಚಾಕು ಕತ್ತರಿ ಸಾಣೆ ಹಿಡಿಯುವವನ ಸೈಕಲ್ಲಿಗೆ. ಸ್ಟ್ಯಾಂಡ್ ಎಳೆದು ಹಿಂದಿನ ಚಕ್ರ ನೆಲದಿಂದ ಎತ್ತುತ್ತಾನೆ. ಆ ಚಕ್ರಕ್ಕೆ ಜೋಡಿಸಿದ ಇನ್ನೊಂದು ರಿಮ್ಮಿನಿಂದ ಹಗ್ಗವೊಂದು ಬಾರಿನ ಮೇಲಿನ ಸಾಣೆಕಲ್ಲಿಗೆ ಹೋಗುತ್ತದೆ. ಸೀಟಿನ ಮೇಲೆಯೇ ಕೂತು ತುಳಿದರೆ ಕಲ್ಲು ಗಿರ್ರೆಂದು ತಿರುಗಿ ಕಿಡಿ ಹಾರುತ್ತದೆ. ಕಾಕಾ ಒಮ್ಮೆ ಅವನನ್ನು ನಿಲ್ಲಿಸಿ, ತೂಕವೆಲ್ಲ ಮುಂದಕ್ಕೆ ಬಿದ್ದಿದೆ, ಹ್ಯಾಂಡಲ್ ತಿರುಗುವಾಗ ಎಳೆಯುತ್ತದೆ, ಓಡಿಸಲು ಕಷ್ಟ ಎಂದು ದೋಷ ಎಣಿಸಿದರು. ಆತ ಕತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಪರೀಕ್ಷಿಸುತ್ತ, "ಇದು ನಿಲ್ಲಿಸಿ ದುಡಿಯುವ ಸೈಕಲ್ಲು ಸಾಹೇಬ್, ಓಡುವುದು ಮನೆಗೆ ಹೋಗುವಾಗ ಮಾತ್ರ" ಎಂದ. ಕಾಕಾ ಹ್ಞೂಂ ಎಂದರು. ಅದು ಯಾವ ಹ್ಞೂಂ ಎಂದು ಅಂದು ನನಗೆ ಸ್ಪಷ್ಟವಾಗಿ ತಿಳಿಯಿತು.

ನೀವು ಅತ್ತ ಹೋಗುವುದಿದ್ದರೆ ಭಾನುವಾರ ಬಿಸಿಲೇರುವ ಮೊದಲೇ ರವಿವಾರಿ ತಲುಪಿ. ಯಾವ ಸೈಕಲ್ಲಾದರೂ ಮನಸ್ಸಿಗೆ ಹಿಡಿಸಿದರೆ ಮಾರುವವನ ಎದುರು ಹೊಗಳಬೇಡಿ. ಕೂತು, ಪೆಡಲಿನ ಬುಡ ಸವರಿ, ಬೆಸುಗೆ ಸರಿಯಿಲ್ಲ ಎಂದು ಗೊಣಗಿ. ಬೆಲೆ ಇಳಿಯುತ್ತದೆ.