ಸಿಂಗಾಪುರದ ಸಿ.ಡಿ. ಸಂಪಾದಕ

ಬೆಂಗಳೂರಿನ ಉತ್ತರಕ್ಕೆ, ವಿದ್ಯಾರಣ್ಯಪುರಕ್ಕೆ ಅಂಟಿಕೊಂಡಿರುವ ಸಿಂಗಾಪುರದಲ್ಲಿ 2000ದ ದಶಕದಲ್ಲಿ ಕಾಣಿಸಿಕೊಂಡು ಈಗ ವಿರಳವಾಗುತ್ತಿರುವ ಮಾನವ ಪ್ರಭೇದವೊಂದನ್ನು ‘ಸಿ.ಡಿ. ಸಂಪಾದಕ’ ಎಂದು ಕರೆಯಬಹುದು. ಹಳೆಯ ಕ್ಯಾಸೆಟ್ಟುಗಳಿಂದಲೂ ಅಂಗಡಿಯಲ್ಲಿ ಕೊಂಡ ಸಿ.ಡಿ.ಗಳಿಂದಲೂ ಹಾಡುಗಳನ್ನು ಆಯ್ದು, ಮನೆಯ ಕಂಪ್ಯೂಟರಿನಲ್ಲಿ ಶುದ್ಧಗೊಳಿಸಿ, ಒಂದು ಕ್ರಮದಲ್ಲಿ ಜೋಡಿಸಿ, ಖಾಲಿ ಸಿ.ಡಿ.ಗೆ ಬರೆದು, ಯಾರೂ ಕೇಳದಿದ್ದರೂ ಹಂಚುವವನೇ ಈ ಸಂಪಾದಕ.

ಈ ಪ್ರಭೇದಕ್ಕೆ ಇಲ್ಲಿನ ಮಣ್ಣು ಒಗ್ಗಿದ್ದಕ್ಕೆ ಕಾರಣವುಂಟು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಹತ್ತಿರದ ಜಾಲಹಳ್ಳಿಯಲ್ಲೇ ಇದ್ದು, ಅಲ್ಲಿ ದುಡಿದು ನಿವೃತ್ತರಾದವರು ಸುತ್ತಲ ಬಡಾವಣೆಗಳಲ್ಲಿ ನೆಲೆಸಿದರು. ಟ್ರಾನ್ಸಿಸ್ಟರು, ಟ್ರಾನ್ಸ್‌ಮಿಟರುಗಳೊಡನೆ ಪಳಗಿದ ಕೈಗೆ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಡುವ ಅಭ್ಯಾಸವಿರಲಿಲ್ಲ. ಮಗನ ಇಂಜಿನಿಯರಿಂಗ್ ಓದಿಗೆಂದು ಕೊಂಡ ಕಂಪ್ಯೂಟರು, ಮಗ ಕೆಲಸ ಹಿಡಿದು ಹೊರಟ ಮೇಲೆ ತಂದೆಯ ಪಾಲಿಗೆ ಬಂತು. ಅದಕ್ಕೆ ಎಸ್.ಪಿ. ರಸ್ತೆಯಿಂದ ತಂದ ಸಿ.ಡಿ. ರೈಟರು, ನೀರೋ ಎಂಬ ತಂತ್ರಾಂಶ, ಮೋಸರ್ ಬೇರ್ ಸಿ.ಡಿ.ಗಳ ಒಂದು ಗೋಪುರ ಸೇರಿದೊಡನೆ ಸಂಪಾದನಾ ಪೀಠ ಸಿದ್ಧವಾಯಿತು.

ಮೊದಲ ಹಂತ ಪಾಠಶುದ್ಧಿ. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ದ ಕ್ಯಾಸೆಟ್ಟಿನಿಂದ ಒಂದು ಗೀತೆಯನ್ನು ಎತ್ತಬೇಕಾದರೂ ಆತ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಜಿಮತ್ತನ್ನು, ಅಂದರೆ ಹೆಡ್ಡಿನ ಸೀಳು ಟೇಪಿನ ಓಟಕ್ಕೆ ಲಂಬವಾಗಿ ನಿಲ್ಲಬೇಕಾದ ಕೋನವನ್ನು, ಸಣ್ಣ ಸ್ಕ್ರೂಡ್ರೈವರಿನಿಂದ ತಿದ್ದುತ್ತಾನೆ; ಇದು ಕೂದಲೆಳೆಯಷ್ಟು ತಪ್ಪಿದರೂ ಧ್ವನಿಯ ಮೇಲಂಚು ಮಂಕಾಗುತ್ತದೆ. ಆಮೇಲೆ ಟೇಪಿಗೆ ಸಹಜವಾದ ಸುಯ್ ಶಬ್ದವನ್ನು ತಂತ್ರಾಂಶದಿಂದ ತೆಗೆಯುವ ಕೆಲಸವಿದ್ದು, ಹೆಚ್ಚು ತೆಗೆದರೆ ಗಾಯಕರು ಬಾವಿಯೊಳಗಿಂದ ಹಾಡಿದಂತೆ ಕೇಳಿಸುವುದರಿಂದ, ಆತ ಹಾಡಿಗಿಂತ ಆ ಸುಯ್ಯನ್ನೇ ಹೆಚ್ಚು ಹೊತ್ತು ಆಲಿಸುತ್ತಾನೆ.

ಸಂಪಾದಕನ ಸಿದ್ಧಾಂತ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ರೂಪಿಸಿದ ನಿಯಮಾವಳಿಯ ಮೇಲೆ ನಿಂತಿದೆ. ಅದರ ಪ್ರಕಾರ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ, ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ದಾಖಲಿಸಬೇಕು. ಹೀಗೆ ನಿಮಿಷಕ್ಕೆ ಸುಮಾರು 10 ಮೆಗಾಬೈಟು ತಗಲುವ ಸಂಗೀತ ಒಂದು ಸಿ.ಡಿ.ಯಲ್ಲಿ ಹೆಚ್ಚೆಂದರೆ 80 ನಿಮಿಷ ಹಿಡಿಸುತ್ತದೆ. ಕಿವಿಗೆ ಹೆಚ್ಚು ಗೋಚರಿಸದ ಅಂಶಗಳನ್ನು ಕಿತ್ತು ಗಾತ್ರವನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುವ ಎಂಪಿ3 ಪದ್ಧತಿ ಆತನಿಗೆ ಮೈಲಿಗೆ. ಎಂಪಿ3 ಹಾಡನ್ನೇ ಮತ್ತೆ ಸಿ.ಡಿ.ಯ ರೂಪಕ್ಕೆ ತಂದರಾಗದೆ ಎಂದು ಕೇಳಿದವರಿಗೆ, ನೀರು ಮಜ್ಜಿಗೆಯನ್ನು ದೊಡ್ಡ ಪಾತ್ರೆಗೆ ಸುರಿದರೆ ಗಟ್ಟಿ ಮೊಸರಾಗುವುದಿಲ್ಲವೆಂಬ ಉತ್ತರ ಸಿಗುತ್ತದೆ, ಒಂದೇ ಸಿ.ಡಿ.ಯಲ್ಲಿ 150 ಹಾಡು ಹಾಕಿಕೊಡುವಂತೆ ಕೇಳುವ ನೆರೆಮನೆಯವನಿಗೆ ಉತ್ತರವೇ ಸಿಗುವುದಿಲ್ಲ.

ಬರವಣಿಗೆಯ ಹೊತ್ತಿನಲ್ಲಿ ಮನೆಗೆ ಸೂತಕದ ಕಟ್ಟುನಿಟ್ಟು ಬರುತ್ತದೆ. ಲೇಸರ್ ಕಿರಣ ಸಿ.ಡಿ.ಯ ಬಣ್ಣದ ಪದರವನ್ನು ಸುಡುತ್ತ ಸಾಗುವಾಗ ಕಂಪ್ಯೂಟರಿನಿಂದ ಮಾಹಿತಿಯ ಹರಿವು ಕ್ಷಣ ತಪ್ಪಿದರೂ ಸಿ.ಡಿ. ಕೆಡುವುದನ್ನು ಬಫರ್ ಅಂಡರ್‌ರನ್ ಎನ್ನುತ್ತಾರೆ. ಇದರ ಭಯದಿಂದ ಮಿಕ್ಸಿ, ಗ್ರೈಂಡರು, ನೀರಿನ ಮೋಟಾರುಗಳಿಗೆ ನಿಷೇಧ ಬಿದ್ದು, ಚಟ್ನಿ ಸಂಪುಟದ ಮುಕ್ತಾಯವನ್ನು ಕಾಯುತ್ತದೆ. ಹರಿವು ನಿಂತರೆ ತಡೆದು, ನಿಂತಲ್ಲಿಂದಲೇ ಮುಂದುವರಿಸಬಲ್ಲ ರೈಟರುಗಳು ಬೇಗನೆ ಬಂದವಾದರೂ ನಿಷೇಧವನ್ನು ಹಿಂತೆಗೆದುಕೊಂಡ ದಾಖಲೆಯಿಲ್ಲ. ಜೊತೆಗೆ, 52 ಪಟ್ಟು ವೇಗದ ಯಂತ್ರವನ್ನು ಹೆಮ್ಮೆಯಿಂದ ಕೊಂಡವನು ಅದನ್ನು 8 ಪಟ್ಟಿನ ವೇಗದಲ್ಲಷ್ಟೇ ಓಡಿಸುತ್ತಾನೆ, ಏಕೆಂದರೆ ನಿಧಾನವೇ ಗುಣಮಟ್ಟದ ತಾಯಿಯೆಂಬುದು ಆತನ ನಂಬಿಕೆ.

ಆದರೆ ಆತನ ಪ್ರತಿಭೆಯ ನಿಜವಾದ ಕ್ಷೇತ್ರ ಹಾಡುಗಳಲ್ಲ, ಹಾಡುಗಳ ನಡುವಿನ ಜಾಗ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಹಾಡಿದ ಗೀತೆಯ ಪಕ್ಕದಲ್ಲಿ 2006ರ ‘ಮುಂಗಾರು ಮಳೆ’ಯ ಹಾಡನ್ನಿಟ್ಟರೆ ಎರಡನೆಯದರ ಅಬ್ಬರ ಕೇಳುಗನ ಮೈಮೇಲೆ ಬೀಳುತ್ತದೆ. ಎಲ್ಲ ಹಾಡುಗಳ ಶಿಖರಗಳನ್ನು ಒಂದೇ ಎತ್ತರಕ್ಕೆ ತರುವ ನಾರ್ಮಲೈಸ್ ಎಂಬ ಕ್ರಿಯೆ ಇದಕ್ಕೆ ಸಾಲದು, ಏಕೆಂದರೆ ಕಿವಿ ಅಳೆಯುವುದು ಶಿಖರವನ್ನಲ್ಲ, ಸರಾಸರಿಯನ್ನು. ಆದ್ದರಿಂದ ಆತ ಒಂದೊಂದನ್ನೂ ಕಿವಿಯಿಂದಲೇ ತೂಗಿ, ಯಂತ್ರ ತಾನಾಗಿ ಬಿಡುವ 2 ಸೆಕೆಂಡುಗಳ ಅಂತರವನ್ನು ತಿರಸ್ಕರಿಸಿ, ಇಡೀ ಸಿ.ಡಿ.ಯನ್ನು ಒಂದೇ ಉಸಿರಿನಲ್ಲಿ ಬರೆಯುವ ಡಿಸ್ಕ್ ಅಟ್ ಒನ್ಸ್ ವಿಧಾನದಲ್ಲಿ, ವಿರಹಗೀತೆಯ ಬಳಿಕ ದೀರ್ಘವಾಗಿಯೂ ಯುಗಳಗೀತೆಯ ಬಳಿಕ ಹ್ರಸ್ವವಾಗಿಯೂ ಮೌನವನ್ನು ಕತ್ತರಿಸಿ ಕೂರಿಸುತ್ತಾನೆ.

ಹೀಗೆ ಸಿದ್ಧವಾದ ಸಂಪುಟದ ಹೊದಿಕೆಯ ಮೇಲೆ ‘ಮಾರಾಟಕ್ಕಲ್ಲ’ ಎಂಬ ಅನವಶ್ಯಕ ಎಚ್ಚರಿಕೆಯೂ ‘ಸಿಂಗಾಪುರದಲ್ಲಿ ತಯಾರಾದದ್ದು’ ಎಂಬ ಸತ್ಯವಾಕ್ಯವೂ ಮುದ್ರಿತವಾಗಿರುತ್ತವೆ. ಎರಡನೆಯದನ್ನು ಓದಿ ಹಾಸನದ ಕಡೆಯ ನೆಂಟರು ಇದನ್ನು ವಿದೇಶಿ ಮಾಲೆಂದು ತಿಳಿದರೆ ಆತ ತಿದ್ದುವ ಗೋಜಿಗೆ ಹೋಗುವುದಿಲ್ಲ. ಗೃಹಪ್ರವೇಶ, ನಾಮಕರಣಗಳಲ್ಲಿ ಕೈಸೇರಿದ ಸಂಪುಟಗಳು ಕೆಲವು ಕಾರಿನಲ್ಲಿ, ಕೆಲವು ಷೋಕೇಸಿನಲ್ಲಿ, ಕೆಲವು ಗಿಳಿಗಳನ್ನು ಬೆದರಿಸಲು ಸೀಬೆಮರದಲ್ಲಿ ನೆಲೆಗೊಳ್ಳುತ್ತವೆ. ಮುಂದೆ ಎದುರಾದಾಗ ಸಂಪಾದಕ ಹಾಡು ಹೇಗಿತ್ತೆಂದು ಕೇಳುವುದಿಲ್ಲ. ಆರನೆಯ ಹಾಡು ಮುಗಿದು ಏಳನೆಯದು ಹಿಡಿಯುವ ಜಾಗವನ್ನು ಗಮನಿಸಿದಿರಾ ಎಂದು ಕೇಳುತ್ತಾನೆ. ಸಿ.ಡಿ. ಹಾಕಲು ಮನೆಯಲ್ಲಿ ಯಂತ್ರವೇ ಇಲ್ಲದ ಅನುಭವಸ್ಥರು ಇದಕ್ಕೆ ‘ಗ್ಯಾಪು ಬಹಳ ಚೆನ್ನಾಗಿದೆ’ ಎಂಬ ಸಿದ್ಧ ಉತ್ತರವನ್ನು ಇಟ್ಟುಕೊಂಡಿರುತ್ತಾರೆ. ಎರಡನೆಯ ಸಂಪುಟಕ್ಕೆ ಇದಕ್ಕಿಂತ ಹೆಚ್ಚಿನ ಪ್ರೇರಣೆ ಆತನಿಗೆ ಎಂದೂ ಬೇಕಾಗಿಲ್ಲ.