ಸಂಪೀಡಿತದೀಪಮೀಮಾಂಸೆ: ಪ್ರಥಮ ಪ್ರಕರಣ

ತೈಲಕೋಶದ ಸೀಮೆಎಣ್ಣೆಯನ್ನು ಪಂಪಿನ ವಾಯುಬಲದಿಂದ ಊರ್ಧ್ವಗತಿಗೊಳಿಸಿ, ತಪ್ತನಾಳದಲ್ಲಿ ಆವಿಯಾಗಿಸಿ, ಗಾಳಿಯೊಡನೆ ಬೆರೆಸಿ, ಮ್ಯಾಂಟಲ್ ಎಂಬ ಜಾಲಕದಲ್ಲಿ ಬೆಳಗಿಸುವ ಯಂತ್ರವೇ ಸಂಪೀಡಿತದೀಪ. ಮದುವೆಯ ದಿಬ್ಬಣದಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ಇದಕ್ಕೆ ಗ್ಯಾಸ್‌ಲೈಟೆಂಬ ಲೋಕರೂಢಿಯುಂಟು. ಬತ್ತಿಯಿರುವ, ಪಂಪಿಲ್ಲದ ಲಾಟೀನು ಈ ಲಕ್ಷಣದಿಂದ ಬಹಿಷ್ಕೃತ. ಪಂಪ್ ಸ್ಟೌವಿನಲ್ಲಿ ಅತಿವ್ಯಾಪ್ತಿದೋಷ ಬಾರದಿರಲೆಂದೇ ಲಕ್ಷಣದಲ್ಲಿ ಜಾಲಕಪದವನ್ನು ನಿವೇಶಿಸಲಾಗಿದೆ.

ಪುರಾತನ ದೀಪದ ಅಭಿಜ್ಞಾನಕ್ಕೆ ಪ್ರಮಾಣಗಳು ಮೂರು.

1. ಪ್ರತ್ಯಕ್ಷ. ಕೋಶದ ಮೇಲಿನ ಮುದ್ರೆಯ ದರ್ಶನ. ಬರ್ಲಿನ್ನಿನ ಏರಿಶ್ ಮತ್ತು ಗ್ರೇಟ್ಸ್ ಸಂಸ್ಥೆಯ ಪೆಟ್ರೋಮ್ಯಾಕ್ಸಿನಲ್ಲಿ 829 ಎಂಬ ಅಂಕವು 500 ಕ್ಯಾಂಡಲ್ ಪ್ರಕಾಶದ ಮಾದರಿಯನ್ನು ಸೂಚಿಸುತ್ತದೆ.

2. ಅನುಮಾನ. ಕೋಶಕ್ಕೆ ನಿಕಲ್ ಲೇಪವಿದ್ದು ಟೋಪಿಯ ಹೊಳಪು ಬೇರೆಯಾಗಿದ್ದರೆ, ಶಿರಸ್ಸು ಪರಕೀಯವೆಂದು ಊಹ್ಯ.

3. ಶಬ್ದ. ಇದು ದೀಪೋಕ್ತ, ಮನುಷ್ಯೋಕ್ತ ಎಂದು ದ್ವಿವಿಧ. ಅವಿಚ್ಛಿನ್ನವಾದ ಬುಸುಗುಟ್ಟುವಿಕೆ ದೀಪೋಕ್ತ, ಸರ್ವಥಾ ವಿಶ್ವಾಸಾರ್ಹ. ಮನುಷ್ಯೋಕ್ತವು ಪುನಃ ಎರಡು ಬಗೆ: (ಅ) ವಿಕ್ರೇತೃವಾಕ್ಯ, ಇದರಲ್ಲಿ 'ಅಜ್ಜನ ಕಾಲದ್ದು' ಎಂಬಲ್ಲಿನ ಅಜ್ಜನ ವಯಸ್ಸು ಕ್ರಯಾನುಸಾರ ವರ್ಧಿಸುತ್ತದೆ; (ಆ) ದಾಯಾದವಾಕ್ಯ, ಇದರಲ್ಲಿ ಎರಡನೆಯ ಕಾಫಿಯವರೆಗೂ ಕ್ರಯದ ಉಲ್ಲೇಖವೇ ಇರುವುದಿಲ್ಲ.

ರೋಗನಿದಾನವು ತ್ರಿದೋಷಾಧೀನ. ಪಂಪಿನ ಚರ್ಮದ ವಾಷರು ಒಣಗಿ ಗಾಳಿ ನಿಲ್ಲದಿರುವುದು ವಾತ. ನಾಳ ಕಾಯುವ ಮೊದಲೇ ಎಣ್ಣೆ ಬಿಟ್ಟದ್ದರಿಂದ ಜ್ವಾಲೆ ಟೋಪಿಯನ್ನು ಮೀರುವುದು ಪಿತ್ತ. ನಿಪ್ಪಲಿನ ರಂಧ್ರದಲ್ಲಿ ಮಸಿ ಕಟ್ಟುವುದು ಕಫ. ವಾತಕ್ಕೆ ತೈಲದಿಂದ ಸ್ನೇಹನ, ಪಿತ್ತಕ್ಕೆ ಸ್ಪಿರಿಟಿನ ಪೂರ್ವತಾಪನದಲ್ಲಿ ಸಹನೆ, ಕಫಕ್ಕೆ ಪಿನ್ನು. ಮೂರೂ ಕೂಡಿದ ಸನ್ನಿಪಾತದೀಪವನ್ನು ಷೋಕೇಸಿನಲ್ಲಿ ಇಡತಕ್ಕದ್ದು.

ಇನ್ನು ನಾಲ್ಕನೆಯ ವ್ಯಾಧಿಯೊಂದುಂಟು; ಅದರ ಆಶ್ರಯ ದೀಪವಲ್ಲ, ಜೀರ್ಣೋದ್ಧಾರಕ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇವುಗಳಿಂದ ಕಂಚಿನ ಗಂಟೆಯಂತೆ ತಿಕ್ಕಿ, ನಿಕಲ್ ಲೇಪವನ್ನೇ ಅಳಿಸಿ, ಕೆಳಗಿನ ಹಿತ್ತಾಳೆ ಕಂಡೊಡನೆ 'ಅಸಲಿ ಬಣ್ಣ ಬಂತು' ಎಂದು ಹರ್ಷಿಸುವುದು ಇದರ ಪ್ರಧಾನಲಕ್ಷಣ. ಗಾಳಿ ಕೆಡಿಸಿದ ದೀಪಗಳಿಗಿಂತ ಇವರು ಕೆಡಿಸಿದವೇ ಅಧಿಕವೆಂದು ನನ್ನ ದೃಢಮತ. ಚಿಕಿತ್ಸೆ: ಮೆತ್ತನೆಯ ಬಟ್ಟೆ, ಸೋಪಿನ ನೀರು, ಸಂಯಮ.

ಉಳಿದದ್ದು ಜಾಲಕವಿಚಾರ. 1891ರಲ್ಲಿ ಔವರ್ ಫಾನ್ ವೆಲ್ಸ್‌ಬಾಖ್ ನಿರ್ಣಯಿಸಿದ ಪ್ರಮಾಣದಂತೆ ಸಾಂಪ್ರದಾಯಿಕ ಜಾಲಕದಲ್ಲಿ ಥೋರಿಯಂ ಆಕ್ಸೈಡು ಶೇ. 99, ಸೀರಿಯಂ ಆಕ್ಸೈಡು ಶೇ. 1. ಮೊದಲ ಉರಿಯಲ್ಲಿ ನೂಲು ದಗ್ಧವಾಗಿ ಬೂದಿಯ ಆಕಾರವೊಂದೇ ಶೇಷಿಸುತ್ತದೆ. ಆದ್ದರಿಂದ ಇದು ದಹನಾನಂತರ ಕಾರ್ಯಪ್ರವೃತ್ತವಾಗುವ ವಸ್ತು. ಇದರ ವಿನಾಶಕರು ಚತುರ್ವಿಧ: ಬೆಂಕಿಕಡ್ಡಿಯವನು, ಎಡವುವ ಹೊರೆಯಾಳು, ಪತಂಗ, ಮತ್ತು ಬೆರಳು ಚಾಚಿ 'ಗಟ್ಟಿಯಿದೆಯೇ ನೋಡೋಣ' ಎನ್ನುವ ವಿದ್ವಾಂಸ. ಮೊದಲ ಮೂವರಿಗೆ ಕ್ಷಮೆ. ನಾಲ್ಕನೆಯವನಿಂದ ಹೊಸ ಮ್ಯಾಂಟಲಿನ ದರವನ್ನು ಅಲ್ಲಿಯೇ ವಸೂಲು ಮಾಡತಕ್ಕದ್ದು.