ಸಾಸಿವೆ ಡಬ್ಬಿ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಅಡುಗೆಮನೆಯ ಶೆಲ್ಫಿನಲ್ಲಿ ಜೀರಿಗೆಯ ಪಕ್ಕ ನಿಂತಿರುವ ಈ ಸಾಧನ ಕರೆಂಟು, ಪಾಸ್‌ವರ್ಡ್, ಓಟಿಪಿ ಯಾವುದನ್ನೂ ಕೇಳುವುದಿಲ್ಲ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದಿದ್ದರೂ ನಡೆಯುತ್ತದೆ, ನಿಮ್ಮ ಅಜ್ಜಿ ಓದಿರಲಿಲ್ಲ.

ಜೋಡಣೆ

ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯೇ ಆಗಬೇಕು. ಗಾಜಿನ ಬಾಟಲಿ ಬೇಡ. ಒಳಗಿರುವುದು ಕಾಣುತ್ತದೆ, ಕಂಡದ್ದನ್ನು ಮನೆಯವರು ಕೇಳುತ್ತಾರೆ. ಹಾಲಿನ ಕವರನ್ನು ತೊಳೆದು ಒಣಗಿಸಿ, ನಾಲ್ಕು ಮಡಿಕೆ ಮಾಡಿದ ನೋಟನ್ನು ಅದರೊಳಗಿಟ್ಟು ತಳಕ್ಕೆ ಸೇರಿಸಿ. ಮೇಲೆ ಮುಕ್ಕಾಲು ಡಬ್ಬಿ ಸಾಸಿವೆ ಸುರಿಯಿರಿ. ಸರಿಯಾಗಿ ಜೋಡಿಸಿದ್ದೀರೋ ಇಲ್ಲವೋ ಪರೀಕ್ಷಿಸಲು ಒಂದು ನೂರರ ನೋಟು ತೆಗೆದು ನೋಡಿ. ಸಾಸಿವೆಯನ್ನೆಲ್ಲ ತಟ್ಟೆಗೆ ಸುರಿಯಬೇಕಾಗಿ ಬರಬೇಕು, ನಾಲ್ಕು ಕಾಳು ಸಿಲಿಂಡರಿನ ಹಿಂದಕ್ಕೆ ಉರುಳಬೇಕು, ಉಗುರಿನ ಸಂದಿಯಲ್ಲಿ ಒಂದೆರಡು ಸಿಕ್ಕಿಕೊಳ್ಳಬೇಕು. ಇದು ದೋಷವೆಂದು ದೂರು ಕೊಡಬೇಡಿ, ಸಾಧನದ ಎಂಜಿನ್ ಇರುವುದೇ ಇಲ್ಲಿ. ಇಷ್ಟು ರಗಳೆ ಮಾಡಿ ತೆಗೆದ ನೂರು ರೂಪಾಯಿಯಲ್ಲಿ ಯಾರೂ ಗೋಬಿ ಮಂಚೂರಿ ತಿನ್ನುವುದಿಲ್ಲ.

2016ರಲ್ಲಿ ಬಂದ ಯುಪಿಐ ಈ ರಗಳೆಯನ್ನು ಬುಡಸಮೇತ ಕಿತ್ತುಹಾಕಿತು. ಅನುಕೂಲವಾಯಿತು, ಇಲ್ಲವೆನ್ನಲಾಗದು. ಈಗ ಎಳನೀರಿನವನ ತಳ್ಳುಗಾಡಿಯಲ್ಲೂ ಒಂದು ಪುಟ್ಟ ಪೆಟ್ಟಿಗೆ ಇದೆ; ದುಡ್ಡು ಬಂತೆಂದು ಗಟ್ಟಿಯಾಗಿ ಸಾರುತ್ತದೆ. ದುಡ್ಡು ಹೋಯಿತೆಂದು ಕೊಟ್ಟವರ ಕಿವಿಯಲ್ಲಿ ಅಷ್ಟೇ ಗಟ್ಟಿಯಾಗಿ ಸಾರುವ ಪೆಟ್ಟಿಗೆಯನ್ನು ಮಾತ್ರ ಯಾರೂ ತಯಾರಿಸಿಲ್ಲ.

ಬಳಸುವ ವಿಧಾನ

ಸಂಬಳ ಬಂದ ದಿನವೇ ತುಂಬಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕೋಣ ಎನ್ನುವವರ ಡಬ್ಬಿಯಲ್ಲಿ ಸಾಸಿವೆ ಬಹಳ ಚೆನ್ನಾಗಿರುತ್ತದೆ, ಬೇರೇನೂ ಇರುವುದಿಲ್ಲ. ಸಂಬಳ ನೇರ ಖಾತೆಗೇ ಬರುವವರು ಎರಡನೇ ತಾರೀಖಿಗೆ ತಾನಾಗಿ ಕಡಿತವಾಗುವಂತೆ ಒಂದು ಆರ್‌ಡಿ ಹಾಕಿಸಿ, ಅದನ್ನು ಸಾಸಿವೆಯ ಕೆಳಗೆ ಹೋಯಿತೆಂದೇ ತಿಳಿಯಿರಿ. ಗೃಹಲಕ್ಷ್ಮಿಯ 2000 ರೂಪಾಯಿ ಬರುವ ಮನೆಯಲ್ಲಿ ತುಂಬುವ ಅಧಿಕಾರ ಯಜಮಾನಿಯದು. ತೆಗೆಯುವ ಅಧಿಕಾರವೂ ಅವರದೇ ಎಂಬುದನ್ನು ಮನೆಯ ಉಳಿದವರಿಗೆ ಓದಿ ಹೇಳಿ.

ಎಷ್ಟು ತುಂಬಬೇಕು? ಕೆಲಸ ಹೋದರೆ ಅಥವಾ ಯಾರಾದರೂ ಆಸ್ಪತ್ರೆ ಸೇರಿದರೆ ಮೂರು ತಿಂಗಳು ಮನೆ ನಡೆಯುವಷ್ಟು. ಅಷ್ಟೂ ಡಬ್ಬಿಯಲ್ಲಿ ಹಿಡಿಸದು, ಹಿಡಿಸಲೂಬಾರದು. ಡಬ್ಬಿ ಬಡ್ಡಿ ಕೊಡುವುದಿಲ್ಲ. ಬೇಳೆಯ ರೇಟು ಏರಿದಂತೆಲ್ಲ ತಳದ ನೋಟು ಕೂತಲ್ಲೇ ಸವೆಯುತ್ತದೆ. ತಳದ ಕವರು ಅರ್ಧ ತುಂಬಿದ ಕೂಡಲೇ ಬ್ಯಾಂಕಿಗೆ ಸಾಗಿಸಿ.

ಇನ್ನೊಂದು ಮಾಡೆಲ್: ಪಿಗ್ಮಿ

ಅಂಗಡಿ ಇಟ್ಟವರಿಗೆ ಸಂಬಳದ ದಿನವೆಂಬುದಿಲ್ಲ. ಅವರಿಗಾಗಿ ನಡೆದಾಡುವ ಡಬ್ಬಿಯೊಂದು ನಮ್ಮ ಕರಾವಳಿಯಲ್ಲೇ ತಯಾರಾಯಿತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರುಮಾಡಿತು, ಡಾ. ಟಿ.ಎಂ.ಎ. ಪೈ ಅದರ ಹಿಂದಿದ್ದವರು. ದಿನಕ್ಕೆ 2 ಆಣೆ ಕೊಟ್ಟರೂ ಸಾಕು, ಏಜೆಂಟರು ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಕಟ್ಟುವುದು ಮಾತ್ರ ಊರೂರಿನ ಸೊಸೈಟಿಗಳಲ್ಲಿ ಇನ್ನೂ ನಡೆದಿದೆ.

ಈ ಮಾಡೆಲಿನ ಒಳಗುಟ್ಟು ಬಡ್ಡಿಯಲ್ಲಿಲ್ಲ, ಮುಖದಲ್ಲಿದೆ. ಸಂಜೆ ಬೈಕ್ ನಿಲ್ಲಿಸಿ, ಬ್ಯಾಗಿನಿಂದ ಪುಟ್ಟ ಮೆಷಿನ್ ತೆಗೆದು, “ಏನಣ್ಣ, ಇವತ್ತೂ ಇಲ್ವಾ?” ಎಂದು ಗಿರಾಕಿಗಳ ಎದುರೇ ಕೇಳುವ ಮನುಷ್ಯನ ಮುಂದೆ ಗಲ್ಲಾಪೆಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಯಾವ ಆ್ಯಪಿನ ನೆನಪೋಲೆಗೂ ಈ ತಾಕತ್ತಿಲ್ಲ, ಅದನ್ನು ಬೆರಳಲ್ಲಿ ಪಕ್ಕಕ್ಕೆ ತಳ್ಳಬಹುದು. ಆದರೂ ಸಣ್ಣ ಅಕ್ಷರ ಓದಿ: ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯುಂಟು, ಪತ್ತಿನ ಸಹಕಾರ ಸಂಘಕ್ಕೆ ಅದಿಲ್ಲ. ಅವಧಿಗೆ ಮುಂಚೆ ಬಿಡಿಸಿದರೆ ಬಡ್ಡಿಯನ್ನು ಮರೆತುಬಿಡಬೇಕಾದೀತು.

ಡಬ್ಬಿಯ ಪಕ್ಕ ಇಡಬಾರದ ವಸ್ತುಗಳು

ಮೊದಲನೆಯದು ಕ್ರೆಡಿಟ್ ಕಾರ್ಡು. ಊರಿನಲ್ಲಿ ಯಾರಾದರೂ ಮೂರು ರೂಪಾಯಿ ಬಡ್ಡಿ ಕೇಳಿದರೆ “ಇವನ ಮನೆ ಹಾಳಾಗ” ಎಂದು ಶಪಿಸುವ ನಾವೇ, ಮೂರೂವರೆ ರೂಪಾಯಿ ಬಡ್ಡಿಯ ಕಾರ್ಡನ್ನು ದೇವರ ಫೋಟೋ ಜೊತೆ ಪರ್ಸಿನಲ್ಲಿಟ್ಟು ತಿರುಗುತ್ತೇವೆ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂಬ ಸಣ್ಣ ಮೊತ್ತ ಕಂಡರೆ ಅದನ್ನು ರಿಯಾಯಿತಿ ಎಂದುಕೊಳ್ಳಬೇಡಿ. ಮಿಕ್ಕದ್ದರ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ. ಇಂಥ ಬಾಕಿ ಇದ್ದರೆ ಡಬ್ಬಿ ತುಂಬುವುದನ್ನು ನಿಲ್ಲಿಸಿ, ಮೊದಲು ಅದನ್ನು ತೀರಿಸಿ. ಎರಡನೆಯದು ‘ನೋ ಕಾಸ್ಟ್ ಇಎಂಐ’. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು, ಹಾಸಿಗೆಯನ್ನೇ ಹನ್ನೆರಡು ಕಂತಿನಲ್ಲಿ ತರುವ ಕಾಲ ಬಂದೀತೆಂದು ಊಹಿಸಿರಲಾರರು.

ದಾಖಲಾದ ವೈಫಲ್ಯ

ಸಾಧನ ದೇಶಾದ್ಯಂತ ಒಟ್ಟಿಗೇ ಕೆಟ್ಟದ್ದು 2016ರ ನವೆಂಬರ್ 8ರ ರಾತ್ರಿ. 500, 1000ದ ನೋಟು ನಡೆಯುವುದಿಲ್ಲವೆಂದು ಪ್ರಧಾನಿ ಟೀವಿಯಲ್ಲಿ ಹೇಳಿದ ಮೇಲೆ, ಗುಟ್ಟಾಗಿದ್ದ ಡಬ್ಬಿಗಳೆಲ್ಲ ಊಟದ ಟೇಬಲ್ಲಿಗೆ ಬಂದವು. “ಇಷ್ಟೊಂದು ಇಟ್ಕೊಂಡಿದ್ಯಾ?” ಎಂಬ ಗಂಡನ ಪ್ರಶ್ನೆಗೆ, “ಹೋದ ವರ್ಷ ಮಗಳ ಫೀಸು ಎಲ್ಲಿಂದ ಬಂತು ಅಂದ್ಕೊಂಡಿದ್ರಿ?” ಎಂಬ ಉತ್ತರ ಎಷ್ಟು ಮನೆಗಳಲ್ಲಿ ಬಂದಿತ್ತೋ. ಸಾಸಿವೆ ವಾಸನೆಯ ನೋಟುಗಳನ್ನು ಹಿಡಿದು ಹೆಂಗಸರು ಬ್ಯಾಂಕಿನ ಸಾಲಿನಲ್ಲಿ ನಿಂತರು. ಕೊನೆಯ ದಿನ ಡಿಸೆಂಬರ್ 30. ಅಂದಿನಿಂದ ಕೈಪಿಡಿಗೆ ಸೇರಿಸಿದ ತಿದ್ದುಪಡಿ ಇಷ್ಟೇ: ದೊಡ್ಡ ನೋಟು ಬ್ಯಾಂಕಿಗೆ, ಸಣ್ಣ ನೋಟು ಡಬ್ಬಿಗೆ.

ವಾರಂಟಿ

ಮನೆಯ ಗಂಡಸರು ಅಡುಗೆಮನೆಗೆ ಕಾಲಿಡದಿರುವವರೆಗೆ ಮಾತ್ರ ಅನ್ವಯ. ಅವರು ಒಗ್ಗರಣೆ ಹಾಕಲು ಕಲಿತ ದಿನವೇ ವಾರಂಟಿ ರದ್ದಾಗುತ್ತದೆ. ಗಾಬರಿ ಬೇಡ, ಕವರನ್ನು ಮೆಂತ್ಯದ ಡಬ್ಬಿಗೆ ವರ್ಗಾಯಿಸಿ. ಮೆಂತ್ಯ ಎಲ್ಲಿದೆಯೆಂದು ಅವರು ನಿಮ್ಮನ್ನೇ ಕೂಗಿ ಕೇಳುತ್ತಾರೆ.